ಗಾಲ್ಫ್ ಹಿಡಿತ ತಿದ್ದುವ ಕೆಲಸ: ಸವೆದ ಗ್ಲೌಸಿನಿಂದ ಹೊಸ ಗ್ಲೌಸಿನವರೆಗೆ

ಹಿಡಿತ ತಿದ್ದುವ ಕೆಲಸವನ್ನು ನಾನು ಶುರು ಮಾಡಿದ್ದು ಸವೆದ ಗ್ಲೌಸಿನಿಂದ. ಎಡಗೈಯ ಹಳೇ ಗ್ಲೌಸನ್ನು ಅಂಗೈ ಭಾಗ ಮೇಲೆ ಬರುವಂತೆ ಮೇಜಿನ ಮೇಲೆ ಹರವಿ, ಬೆಳಕು ಓರೆಯಾಗಿ ಬೀಳುವಂತೆ ಇಟ್ಟು ನೋಡಿದರೆ ಕ್ಲಬ್ (ಚೆಂಡು ಹೊಡೆಯುವ ಕೋಲು) ಕೈಯೊಳಗೆ ಎಲ್ಲಿ ಕೂತಿದೆ, ಎಲ್ಲಿ ಜಾರುತ್ತಿದೆ ಎಂಬುದು ಗೊತ್ತಾಗಿಬಿಡುತ್ತದೆ. (ಇಲ್ಲಿ ಹೇಳುವುದೆಲ್ಲ ಬಲಗೈ ಆಟಗಾರರ ಲೆಕ್ಕದಲ್ಲಿ. ಎಡಗೈಯವರು ಎಡ, ಬಲಗಳನ್ನು ಅದಲು ಬದಲು ಮಾಡಿಕೊಂಡರೆ ಸಾಕು.)

ಕಿರುಬೆರಳಿನ ಕೆಳಗೆ, ಮಣಿಕಟ್ಟಿಗೆ ಹತ್ತಿರ, ಅಂಗೈಯ ದಪ್ಪ ಮಾಂಸದ ಜಾಗದಲ್ಲಿ ತೂತು ಬಿದ್ದಿದ್ದರೆ ಕ್ಲಬ್ ಬೆರಳುಗಳಲ್ಲಿ ಇಲ್ಲ, ಅಂಗೈಯಲ್ಲಿದೆ. ಅಥವಾ ಕ್ಲಬ್ಬಿನ ತೀರಾ ತುದಿಯನ್ನು ಹಿಡಿಯುತ್ತಿದ್ದೇವೆ, ಆ ತುದಿ ಪ್ರತಿ ಸ್ವಿಂಗಿನಲ್ಲೂ, ಅಂದರೆ ಕ್ಲಬ್ ಬೀಸಿದಾಗಲೆಲ್ಲ, ಅಲ್ಲೇ ಉಜ್ಜುತ್ತಿದೆ. ಹೆಬ್ಬೆರಳ ತುದಿ ಹರಿದಿದ್ದರೆ ಹೆಬ್ಬೆರಳನ್ನು ಉದ್ದಕ್ಕೆ ಚಾಚಿ ಒತ್ತುವ ಅಭ್ಯಾಸ ಇದೆ ಎಂದರ್ಥ. ಹೆಬ್ಬೆರಳ ಮೇಲ್ಭಾಗ ಸವೆದಿದ್ದರೆ ಅದರ ಮೇಲೆ ಕೂರುವ ಬಲಗೈ ಅಲುಗಾಡುತ್ತಿದೆ. ಸರಿಯಾದ ಹಿಡಿತದ ಗ್ಲೌಸೂ ಸವೆಯುತ್ತದೆ, ಆದರೆ ಬೇರೆ ರೀತಿ: ಕೊನೆಯ ಮೂರು ಬೆರಳುಗಳ ಬುಡದಲ್ಲಿ ಚರ್ಮ ನುಣುಪಾಗಿ, ತುಸು ಕಪ್ಪಾಗಿ, ಎಲ್ಲ ಕಡೆ ಒಂದೇ ಸಮನಾಗಿ ಹೊಳಪು ಬರುತ್ತದೆ. ಒಂದು ಜಾಗ ಮಾತ್ರ ಬೇಗ ತೂತಾಗುವುದಕ್ಕೆ ಗ್ಲೌಸಿನ ಗುಣಮಟ್ಟವನ್ನು ದೂರುವ ಮೊದಲು ಕೈಯನ್ನು ನೋಡಿಕೊಳ್ಳಬೇಕು. ಹಾಗೆ ಮಾಡದೆ ಹೊಸ ಗ್ಲೌಸ್ ತಂದರೆ ಅದೂ ಅಲ್ಲೇ ತೂತಾಗುತ್ತದೆ.

ಜಾರುವುದು ಸಣ್ಣ ವಿಷಯವಲ್ಲ. ಡ್ರೈವರ್‌ (ಅತಿ ದೂರ ಹೊಡೆಯಲು ಬಳಸುವ ಕ್ಲಬ್) ತಲೆಯ ತೂಕ ಸುಮಾರು 200 ಗ್ರಾಂ ಅಷ್ಟೇ. ಅದು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಸುತ್ತಿ ಬರುವಾಗ ಕೈಯನ್ನು ಹೊರಗೆಳೆಯುವ ಬಲ 25 ಕಿಲೋ ತೂಕವನ್ನು ಮೀರುತ್ತದೆ. ಕ್ಲಬ್ ಸರಿಯಾದ ಜಾಗದಲ್ಲಿ ಕೂರದಿದ್ದರೆ ಈ ಎಳೆತವನ್ನು ತಡೆಯಲು ಕೈಗೆ ಇರುವುದು ಒಂದೇ ದಾರಿ, ಇನ್ನೂ ಗಟ್ಟಿಯಾಗಿ ಅಮುಕುವುದು. ಅಮುಕಿದರೆ ಮುಂಗೈ ಬಿಗಿಯುತ್ತದೆ, ಮಣಿಕಟ್ಟು ಸಿಲುಕಿಕೊಳ್ಳುತ್ತದೆ, ಫೇಸ್ (ಕ್ಲಬ್ ತಲೆಯಲ್ಲಿ ಚೆಂಡಿಗೆ ತಾಗುವ ಮುಖ) ತೆರೆದುಕೊಂಡೇ, ಅಂದರೆ ಗುರಿಯ ಬಲಕ್ಕೆ ತಿರುಗಿಕೊಂಡೇ, ಚೆಂಡಿಗೆ ಬರುತ್ತದೆ, ಚೆಂಡು ಬಲಕ್ಕೆ ಹೋಗುತ್ತದೆ. ಆದ್ದರಿಂದ ನಾನು ಹಿಡಿದ ಕ್ರಮ ಇದು: ಮೊದಲು ಕೈ ಇಡುವ ಜಾಗ, ಆಮೇಲೆ ಬಿಗಿ, ಆಮೇಲೆ ಕ್ಲಬ್ಬಿನ ಹಿಡಿಕೆಗೆ ಹಾಕಿದ ರಬ್ಬರ್ ಗ್ರಿಪ್‌, ಕೊನೆಗೆ ಗ್ಲೌಸ್. ಅಂಗಡಿಯಲ್ಲಿ ಸಿಗುವುದನ್ನು ಮೊದಲು ಕೊಂಡು ಕೈಯನ್ನು ಆಮೇಲೆ ತಿದ್ದಲು ಹೋದರೆ ಎರಡೂ ಹಾಳು.

ಎಡಗೈ ಎಷ್ಟು ತಿರುಗಿರಬೇಕು ಎಂಬುದನ್ನು ಪುಸ್ತಕದಿಂದ ತೆಗೆದುಕೊಳ್ಳುವುದಕ್ಕಿಂತ ನಮ್ಮ ತೋಳಿನಿಂದಲೇ ತಿಳಿದುಕೊಳ್ಳುವುದು ಮೇಲು. ಕ್ಲಬ್ ಇಲ್ಲದೆ ನೆಟ್ಟಗೆ ನಿಂತು, ಸೊಂಟದಿಂದ ಸ್ವಲ್ಪ ಬಾಗಿ, ಎರಡೂ ತೋಳುಗಳನ್ನು ಸಡಿಲವಾಗಿ ಇಳಿಬಿಟ್ಟು ಎಡಗೈಯನ್ನು ನೋಡಿಕೊಳ್ಳಿ. ಕೆಲವರಿಗೆ ಎರಡು ಗೆಣ್ಣು ಕಾಣುತ್ತವೆ, ಕೆಲವರಿಗೆ ಮೂರು. ಸ್ವಿಂಗಿನ ಎಳೆತದಲ್ಲಿ ತೋಳು ಚೆಂಡಿನ ಹತ್ತಿರ ಬರುವಾಗ ಕೈ ಹೆಚ್ಚು ಕಡಿಮೆ ಇದೇ ಸ್ಥಿತಿಗೆ ಮರಳುತ್ತದೆ. ಕೈಯನ್ನು ಇದಕ್ಕಿಂತ ಬಲಕ್ಕೆ ತಿರುಗಿಸಿ ಹಿಡಿದರೆ, ಅಂದರೆ ಸ್ಟ್ರಾಂಗ್ ಹಿಡಿತದಲ್ಲಿ, ಕೈ ಮರಳುವಾಗ ಫೇಸ್ ಮುಚ್ಚಿಕೊಳ್ಳುತ್ತದೆ, ಅಂದರೆ ಗುರಿಯ ಎಡಕ್ಕೆ ತಿರುಗುತ್ತದೆ. ಎಡಕ್ಕೆ ತಿರುಗಿಸಿ ಹಿಡಿದರೆ, ಅಂದರೆ ವೀಕ್ ಹಿಡಿತದಲ್ಲಿ, ಫೇಸ್ ತೆರೆದುಕೊಳ್ಳುತ್ತದೆ. ಚೆಂಡು ಹೊರಡುವ ದಿಕ್ಕಿನ ಮುಕ್ಕಾಲು ಪಾಲನ್ನು ನಿರ್ಧರಿಸುವುದು ಫೇಸೇ ಆದ್ದರಿಂದ ಇದು ನೇರವಾಗಿ ಚೆಂಡಿನಲ್ಲಿ ಕಾಣುತ್ತದೆ. ಅಮೆರಿಕದ ಹೆಸರಾಂತ ಆಟಗಾರ ಬೆನ್ ಹೋಗನ್ ಹುಕ್ಕಿನ (ಚೆಂಡು ಗಾಳಿಯಲ್ಲಿ ಎಡಕ್ಕೆ ಬಾಗುವುದು) ಕಾಟ ತಪ್ಪಿಸಿಕೊಳ್ಳಲು ತಮ್ಮ ಹಿಡಿತವನ್ನು ವೀಕ್ ಕಡೆಗೆ ತಂದರು. ಆದರೆ ಅದು ಹುಕ್ ಹೊಡೆಯುತ್ತಿದ್ದ ಕೈಗೆ ಕೊಟ್ಟ ಮದ್ದು. ಸ್ಲೈಸ್ (ಬಲಕ್ಕೆ ಬಾಗುವ ಚೆಂಡು) ಹೊಡೆಯುವವರು ಅದನ್ನು ಅನುಕರಿಸಿದರೆ ಇರುವ ರೋಗವೇ ಹೆಚ್ಚಾಗುತ್ತದೆ.

ಕ್ಲಬ್ಬನ್ನು ನೆಲದ ಮೇಲಿಟ್ಟು ಫೇಸಿನ ಕೆಳಅಂಚು ಗುರಿಗೆ ಅಡ್ಡವಾಗಿ ನೆಟ್ಟಗಿದೆಯೇ ನೋಡಿದ ಮೇಲೆಯೇ ಕೈ ಇಡಬೇಕು. ಈ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಫೇಸ್ ಮೊದಲೇ ಓರೆಯಾಗಿದ್ದರೆ ಎಷ್ಟೇ ಚೆಂದವಾಗಿ ಕೈ ಇಟ್ಟರೂ ಪ್ರಯೋಜನವಿಲ್ಲ. ಗ್ರಿಪ್ ಮೇಲಿನ ಲೋಗೋವನ್ನು ನಂಬಿ ಫೇಸ್ ನಿಲ್ಲಿಸಬಾರದು, ಅದು ಕೂಡಿಸುವಾಗಲೇ ಒಂದಿಷ್ಟು ತಿರುಗಿರಬಹುದು.

ಈಗ ಎಡಗೈ. ಗ್ಲೌಸ್ ಹಾಕಿಕೊಂಡು, ಅದರ ಮೇಲೆ ಪೆನ್ನಿನಿಂದ ಎರಡು ಚುಕ್ಕೆ ಹಾಕಿಕೊಂಡೆ. ಒಂದು ತೋರುಬೆರಳಿನ ನಡುಗೆಣ್ಣಿನ ಒಳಮಗ್ಗುಲಲ್ಲಿ, ಇನ್ನೊಂದು ಕಿರುಬೆರಳಿನ ಬುಡದ ಗೆರೆಯಿಂದ ಒಂದು ಸೆಂಟಿಮೀಟರಿನಷ್ಟು ಕೆಳಗೆ. ಎರಡನ್ನೂ ಸೇರಿಸಿ ಗೆರೆ ಎಳೆದರೆ ಅದು ಬೆರಳುಗಳ ಮೇಲೆ ಓರೆಯಾಗಿ ಹಾದುಹೋಗುತ್ತದೆ. ಕ್ಲಬ್ ಕೂರಬೇಕಾದ್ದು ಆ ಗೆರೆಯ ಮೇಲೆ. ಕೈಯನ್ನು ಪಕ್ಕದಿಂದ ತಂದು ಗ್ರಿಪ್ಪನ್ನು ಗೆರೆಗೆ ತಾಗಿಸಿ, ಮೊದಲು ಬೆರಳು ಮಡಚಿ, ಆಮೇಲೆ ಅಂಗೈಯ ದಪ್ಪ ಭಾಗವನ್ನು ಗ್ರಿಪ್ಪಿನ ಮೇಲೆ ಇಳಿಸಬೇಕು. ಆ ಮಾಂಸದ ಜಾಗ ಗ್ರಿಪ್ಪಿನ ಮೇಲೆ ಇರಬೇಕೇ ಹೊರತು ಪಕ್ಕದಲ್ಲಲ್ಲ. ಗ್ರಿಪ್ಪಿನ ತುದಿ ಒಂದರಿಂದ ಎರಡು ಸೆಂಟಿಮೀಟರ್ ಹೊರಗೆ ಕಾಣುವಂತೆ ಬಿಡಬೇಕು.

ಇದನ್ನು ಪರೀಕ್ಷಿಸುವ ಬಗೆ ಬಹಳ ಸರಳ. ಎಡಗೈ ಇಟ್ಟ ಮೇಲೆ ತೋರುಬೆರಳೊಂದನ್ನು ಮಾತ್ರ ಮಡಚಿ ಇಟ್ಟುಕೊಂಡು ಉಳಿದ ಮೂರು ಬೆರಳು, ಹೆಬ್ಬೆರಳು ಎಲ್ಲವನ್ನೂ ಬಿಡಿಸಿ ಕ್ಲಬ್ಬನ್ನು ನೆಲದಿಂದ ಎತ್ತಿ. ಅಂಗೈಯ ದಪ್ಪ ಭಾಗ ಮೇಲಿನಿಂದ ತಡೆದು, ತೋರುಬೆರಳು ಕೆಳಗಿನಿಂದ ಆತು, ಕ್ಲಬ್ ಗಾಳಿಯಲ್ಲಿ ನಿಲ್ಲಬೇಕು. ಅಂಗೈಯಲ್ಲಿ ಹಿಡಿದಿದ್ದರೆ ತುದಿ ಜಾರಿ ಮೇಲೆದ್ದು ತಲೆ ನೆಲಕ್ಕೆ ಬೀಳುತ್ತದೆ. ಹೊಸ ಹಿಡಿತ ಕಲಿಯುವಾಗ ನಾನು ಹೆಚ್ಚು ನೆಚ್ಚಿಕೊಂಡದ್ದು ಇದೊಂದೇ ಪರೀಕ್ಷೆಯನ್ನು. ಕನ್ನಡಿಯಲ್ಲಿ ಸರಿಯಾಗಿ ಕಾಣುವ ಎಷ್ಟೋ ಹಿಡಿತಗಳು ಇದರಲ್ಲಿ ಸೋಲುತ್ತವೆ.

ಎಡಗೈ ಹೆಬ್ಬೆರಳು ಗ್ರಿಪ್ಪಿನ ನಡುಗೆರೆಯ ಮೇಲೆ ಸರಿಯಾಗಿ ಕೂರಬಾರದು, ಸ್ವಲ್ಪ ಬಲಕ್ಕೆ ಇರಬೇಕು. ಬ್ಯಾಕ್‌ಸ್ವಿಂಗಿನ (ಕ್ಲಬ್ಬನ್ನು ಹಿಂದಕ್ಕೆ ಎತ್ತುವ ಚಲನೆಯ) ಮೇಲ್ತುದಿಯಲ್ಲಿ ಕ್ಲಬ್ಬಿನ ಭಾರ ಅದರ ಮೇಲೆ ಬಂದು ನಿಲ್ಲುತ್ತದೆ. ಹೆಬ್ಬೆರಳನ್ನು ಪೂರ್ತಿ ಚಾಚಿದರೆ ಆ ಭಾರಕ್ಕೆ ಕೈ ಬಿಚ್ಚಿಕೊಳ್ಳುತ್ತದೆ, ಕೊನೆಯ ಮೂರು ಬೆರಳು ಸಡಿಲುತ್ತವೆ, ಹೆಬ್ಬೆರಳ ಬುಡ ನೋಯುತ್ತದೆ. ಅದನ್ನು ಅರ್ಧ ಇಂಚಿನಷ್ಟು ಹಿಂದಕ್ಕೆ ಎಳೆದುಕೊಂಡರೆ ತೋರುಬೆರಳಿಗೂ ಹೆಬ್ಬೆರಳಿಗೂ ನಡುವಿನ ಸಂದು ಮುಚ್ಚುತ್ತದೆ, ಅಲ್ಲೊಂದು ಇಂಗ್ಲಿಷಿನ ‘ವಿ’ ಆಕಾರದ ಗೆರೆ ಮೂಡುತ್ತದೆ. ಆ ‘ವಿ’ ಗಲ್ಲಕ್ಕೂ ಬಲ ಭುಜಕ್ಕೂ ನಡುವೆ ಎಲ್ಲೋ ಒಂದು ಕಡೆ ತೋರುತ್ತಿದ್ದರೆ ಸಾಕು.

ಬಲಗೈ ವಿಚಾರದಲ್ಲಿ ಹೇಳುವುದು ಕಡಿಮೆ. ಕ್ಲಬ್ ನಡುಬೆರಳು, ಉಂಗುರ ಬೆರಳುಗಳ ಮೇಲೆ ಕೂರಬೇಕು. ಅಂಗೈಯ ಆಯುಷ್ಯ ರೇಖೆ ಎಡ ಹೆಬ್ಬೆರಳನ್ನು ಪೂರ್ತಿ ಮುಚ್ಚಬೇಕು. ಹೆಬ್ಬೆರಳು ನಡುಗೆರೆಯಿಂದ ಸ್ವಲ್ಪ ಎಡಕ್ಕೆ ಇರಬೇಕು. ತೋರುಬೆರಳನ್ನು ನಡುಬೆರಳಿನಿಂದ ತುಸು ದೂರ ಸರಿಸಿ ಮಡಚಬೇಕು. ಬಲಗೈಯ ‘ವಿ’ ಎಡಗೈಯದರ ದಿಕ್ಕಿನಲ್ಲೇ ಇರಬೇಕು. ಒಂದು ಬಲ ಭುಜದತ್ತ, ಇನ್ನೊಂದು ಎಡ ಕಣ್ಣಿನತ್ತ ತೋರುತ್ತಿದ್ದರೆ ಎರಡು ಕೈಗಳೂ ಒಂದಕ್ಕೊಂದು ಎದುರು ಎಳೆಯುತ್ತಿವೆ.

ಎರಡು ಕೈಗಳನ್ನು ಹೇಗೆ ಸೇರಿಸುವುದು ಎಂಬುದರ ಬಗ್ಗೆ ಬೇಕಿಲ್ಲದಷ್ಟು ವಾದ ನಡೆಯುತ್ತದೆ. ಬಲ ಕಿರುಬೆರಳನ್ನು ಎಡಗೈಯ ತೋರುಬೆರಳು, ನಡುಬೆರಳುಗಳ ನಡುವಿನ ಸಂದಿನ ಮೇಲೆ ಕೂರಿಸುವ ಓವರ್‌ಲ್ಯಾಪ್‌ಗೆ ಹ್ಯಾರಿ ವಾರ್ಡನ್ ಹೆಸರು ಅಂಟಿಕೊಂಡಿದೆ. ಅವರು ಬ್ರಿಟನ್ನಿನ ಓಪನ್ ಚಾಂಪಿಯನ್‌ಶಿಪ್ಪನ್ನು 1896ರಿಂದ 1914ರ ನಡುವೆ 6 ಬಾರಿ ಗೆದ್ದವರು. ಬೆರಳುಗಳನ್ನು ಹೆಣೆಯುವ ಇಂಟರ್‌ಲಾಕ್ ಜಾಕ್ ನಿಕ್ಲಾಸ್, ಟೈಗರ್ ವುಡ್ಸ್ ಇಬ್ಬರದೂ. ಕೈ ಚಿಕ್ಕದಿದ್ದರೆ, ಬೆರಳು ಗಿಡ್ಡವಿದ್ದರೆ ಇಂಟರ್‌ಲಾಕ್ ಅನುಕೂಲ. ಕೈಯಲ್ಲಿ ಬಲ ಕಡಿಮೆ ಇರುವವರು, ಮಕ್ಕಳು, ಸಂಧಿವಾತ ಇರುವವರು ಹತ್ತೂ ಬೆರಳು ಗ್ರಿಪ್ಪಿನ ಮೇಲಿಟ್ಟರೂ ತಪ್ಪಿಲ್ಲ. ಇಂಟರ್‌ಲಾಕಿನಲ್ಲಿ ಒಂದೇ ಅಪಾಯ: ಬೆರಳುಗಳನ್ನು ಬುಡದವರೆಗೂ ತೂರಿಸಿದರೆ ಕ್ಲಬ್ ಮತ್ತೆ ಅಂಗೈಗೆ ಬಂದು ಕೂರುತ್ತದೆ. ಹೆಣಿಗೆ ಮೇಲೆ ಮೇಲೆ ಇದ್ದರೆ ಸಾಕು.

ಬಿಗಿಯ ಮಾತು ಬಂದರೆ ಎಲ್ಲರೂ ‘ಮೃದುವಾಗಿ ಹಿಡಿ’ ಎನ್ನುತ್ತಾರೆ. ನನಗೆ ಈ ಸಲಹೆ ಅರ್ಧ ಮಾತ್ರ ಒಪ್ಪಿಗೆ. ಕೈ ಬಿಟ್ಟರೆ ಬೀಳುವಷ್ಟು ಸಡಿಲವನ್ನು 1, ಹಿಂಡಿದಷ್ಟನ್ನು 10 ಎಂದು ಲೆಕ್ಕ ಹಾಕಿದರೆ ಚೆಂಡಿನ ಮುಂದೆ ನಿಂತಾಗ 4 ಅಥವಾ 5 ಇರಬೇಕು. 2ರಲ್ಲಿ ಹಿಡಿದು ನಿಂತವರು ಡೌನ್‌ಸ್ವಿಂಗ್ (ಕ್ಲಬ್ಬನ್ನು ಚೆಂಡಿನತ್ತ ಇಳಿಸುವುದು) ಶುರುವಾಗುತ್ತಲೇ ಕ್ಲಬ್ ಹಾರಿಹೋದೀತೆಂದು ತಟ್ಟನೆ 8ಕ್ಕೆ ಏರಿಸುತ್ತಾರೆ. ಫೇಸ್ ತಿರುಗುವುದು ಆ ಜಿಗಿತದಲ್ಲೇ. ಮೊದಲಿನಿಂದ ಕೊನೆಯವರೆಗೆ ಬಿಗಿ ಒಂದೇ ಸಮ ಇರುವುದು ಮುಖ್ಯ. ಬಿಗಿ ಎಲ್ಲಿರಬೇಕು ಎಂಬುದೂ ಅಷ್ಟೇ ಮುಖ್ಯ: ಎಡಗೈಯ ಕೊನೆಯ ಮೂರು ಬೆರಳು, ಬಲಗೈಯ ನಡುವಿನ ಎರಡು ಬೆರಳು. ಹೆಬ್ಬೆರಳು, ತೋರುಬೆರಳುಗಳು ಬರೀ ಆತುಕೊಂಡಿರಬೇಕು. ಅವು ಚಿವುಟತೊಡಗಿದರೆ ಮುಂಗೈಯ ಮೇಲಿನ ಸ್ನಾಯು ಸೆಟೆಯುವುದು ಕಣ್ಣಿಗೇ ಕಾಣುತ್ತದೆ. ಒದ್ದೆ ಬಟ್ಟೆ ಹಿಂಡುವ ಹಾಗೆ ಎರಡು ಕೈಗಳನ್ನು ಒಳಮುಖವಾಗಿ ತಿರುಚಿ ಹಿಡಿಯುವವರೂ ಇದ್ದಾರೆ. ಹಿಡಿದಾಗ ಭದ್ರ ಅನ್ನಿಸುತ್ತದೆ, ಆದರೆ ಸ್ವಿಂಗಿನಲ್ಲಿ ಆ ತಿರುಚು ಬಿಚ್ಚಿಕೊಂಡು ಹಿಡಿತ ಪ್ರತಿ ಸಲ ಬೇರೆ ಜಾಗಕ್ಕೆ ಹೋಗಿ ನಿಲ್ಲುತ್ತದೆ.

ಇಷ್ಟನ್ನು ಚೆಂಡಿಲ್ಲದೆ ಮನೆಯಲ್ಲೇ ಕೂಡಿಸಿಕೊಂಡೆ. ಕ್ಲಬ್ ಎತ್ತಿ ಹಿಡಿತ ಕಟ್ಟುವುದು, ಗೆಣ್ಣು ಎಣಿಸುವುದು, ‘ವಿ’ ನೋಡುವುದು, ಕೆಳಗಿಡುವುದು, ಮತ್ತೆ ಎತ್ತುವುದು. ಆಮೇಲೆ ಕಣ್ಣು ಮುಚ್ಚಿ ಹಿಡಿದು ಕಣ್ಣು ತೆರೆದು ನೋಡುವುದು. ಚೆಂಡಿಗೆ ಹೋದಾಗ ವೆಜ್ ಅಥವಾ 9 ಐರನ್ (ಎರಡೂ ಗಿಡ್ಡ ಕ್ಲಬ್ಬುಗಳು), ಸೊಂಟದಿಂದ ಸೊಂಟದವರೆಗಿನ ಅರ್ಧ ಸ್ವಿಂಗ್ ಮಾತ್ರ. ಪ್ರತಿ ಚೆಂಡಿನ ನಂತರ ಎರಡೂ ಕೈ ಪೂರ್ತಿ ತೆಗೆದು ಮೊದಲಿನಿಂದ ಕಟ್ಟಬೇಕು. ಕೈ ತೆಗೆಯದೆ ಸಾಲಾಗಿ ಹೊಡೆಯುತ್ತ ಹೋದರೆ ಹಳೇ ಹಿಡಿತ ಸದ್ದಿಲ್ಲದೆ ಮರಳಿ ಬರುತ್ತದೆ, ಯಾವ ಚೆಂಡಿನಲ್ಲಿ ಬಂತೆಂಬುದೂ ತಿಳಿಯುವುದಿಲ್ಲ.

ಇಲ್ಲಿ ಒಂದು ಕಷ್ಟದ ಹಂತ ಇದೆ, ಬಹಳ ಜನ ಬಿಟ್ಟುಕೊಡುವುದು ಇಲ್ಲೇ. ವೀಕ್ ಹಿಡಿತದಿಂದ ಸರಿಯಾದ ಹಿಡಿತಕ್ಕೆ ಬಂದ ಕೂಡಲೇ ಚೆಂಡು ಎಡಕ್ಕೆ, ತಗ್ಗಾಗಿ ಹೋಗತೊಡಗುತ್ತದೆ. ತೆರೆದ ಫೇಸನ್ನು ಸರಿದೂಗಿಸಲು ದೇಹ ಕಲಿತಿದ್ದ ಎಡಕ್ಕೆ ಎಳೆಯುವ ಚಾಳಿ ಇನ್ನೂ ಇದೆ, ಆದರೆ ಫೇಸ್ ಈಗ ತೆರೆದಿಲ್ಲ. ಚೆಂಡು ಎಡಕ್ಕೆ ಹೋಗುವುದು ಹಿಡಿತ ಸರಿಯಾಯಿತು ಎನ್ನುವುದಕ್ಕೇ ಪುರಾವೆ. ಆಗ ಕೈಯನ್ನು ಹಿಂದಕ್ಕೆ ತಿರುಗಿಸಬಾರದು, ಅರ್ಧ ಸ್ವಿಂಗನ್ನು ನಿಧಾನಿಸಿ ಕ್ಲಬ್ಬಿನ ದಾರಿ ತಾನಾಗಿ ನೇರವಾಗಲು ಬಿಡಬೇಕು. ಕಿರುಬೆರಳ ಬುಡದಲ್ಲಿ, ಉಂಗುರ ಬೆರಳಿನಲ್ಲಿ ಒಂದಿಷ್ಟು ನೋವು ಇರುವುದು ಸಹಜ, ಅವು ಹೊಸದಾಗಿ ಭಾರ ಹೊರುತ್ತಿವೆ. ಅಂಗೈಯಲ್ಲಿ ಬೊಬ್ಬೆ ಎದ್ದರೆ ಮಾತ್ರ ಅದು ಜಾರುವಿಕೆಯ ಗುರುತು, ಎರಡು ಚುಕ್ಕೆಗಳ ಗೆರೆಗೆ ಹಿಂತಿರುಗಬೇಕು.

ಕೈ ನೆಲೆಗೊಂಡ ಮೇಲೆ ಕ್ಲಬ್ಬಿನ ಗ್ರಿಪ್. ಗ್ಲೌಸ್ ಹಾಕಿ ಎಡಗೈಯಲ್ಲಿ ಕ್ಲಬ್ ಹಿಡಿದಾಗ ನಡುಬೆರಳು, ಉಂಗುರ ಬೆರಳುಗಳ ತುದಿ ಹೆಬ್ಬೆರಳ ಬುಡದ ಮಾಂಸಕ್ಕೆ ಮೆಲ್ಲಗೆ ತಾಗಬೇಕು. ಬೆರಳು ಅಲ್ಲಿ ನಾಟಿದರೆ ಗ್ರಿಪ್ ಸಣ್ಣದು, ಕೈ ಅತಿಯಾಗಿ ತಿರುಗುತ್ತದೆ. ನಡುವೆ ಸಂದು ಉಳಿದರೆ ದಪ್ಪ, ಕ್ಲಬ್ ಅಂಗೈಗೆ ತಳ್ಳಿಕೊಳ್ಳುತ್ತದೆ. ಮಿಡ್‌ಸೈಜ್ ಗ್ರಿಪ್ ಸ್ಟ್ಯಾಂಡರ್ಡಿಗಿಂತ ಸುಮಾರು 1/16 ಇಂಚು ದಪ್ಪ, ಜಂಬೋ ಸುಮಾರು 1/8 ಇಂಚು. ಅವುಗಳ ನಡುವಿನ ಅಳತೆ ಬೇಕಿದ್ದರೆ ಗ್ರಿಪ್ಪಿನ ಕೆಳಗೆ ಮಾಸ್ಕಿಂಗ್ ಟೇಪಿನ ಸುತ್ತು ಹಾಕಿಸಬಹುದು, ಒಂದು ಸುತ್ತಿಗೆ ಸುಮಾರು 1/64 ಇಂಚು ಕೂಡುತ್ತದೆ. ಕೆಲವು ಗ್ರಿಪ್ಪುಗಳ ಅಡಿಯಲ್ಲಿ ಕೈಗೆ ಸಿಗುವಂತೆ ಉದ್ದಕ್ಕೆ ಒಂದು ಏಣು ಇರುತ್ತದೆ. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಅದು ಸ್ವಲ್ಪ ಓರೆಯಾಗಿ ಕೂತಿದ್ದರೆ ಪ್ರತಿ ಸಲವೂ ಕೈಯನ್ನು ತಪ್ಪು ಜಾಗಕ್ಕೆ ಕರೆದೊಯ್ಯುತ್ತದೆ.

ಗ್ರಿಪ್ ನುಣುಪಾಗಿದ್ದರೆ ಮೊದಲು ತೊಳೆಯಿರಿ. ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಮೃದು ಬ್ರಷ್, ಆಮೇಲೆ ಒಣ ಬಟ್ಟೆ. ಬೆವರು, ಸನ್‌ಸ್ಕ್ರೀನ್ ಜಿಡ್ಡು ಹೋದರೆ ಎಷ್ಟೋ ಗ್ರಿಪ್ಪುಗಳಿಗೆ ಅಂಟು ಮರಳುತ್ತದೆ. ತೊಳೆದು ಒಣಗಿಸಿದ ಮೇಲೂ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸುವ ಕಾಲ ಬಂದಿದೆ. ನಿಯಮಿತವಾಗಿ ಆಡುವವರಿಗೆ ವರ್ಷಕ್ಕೊಮ್ಮೆ ಅಥವಾ 40 ರೌಂಡಿಗೊಮ್ಮೆ (ರೌಂಡ್ ಎಂದರೆ ಒಂದು ಪೂರ್ತಿ ಆಟ) ಎಂಬುದು ರೂಢಿಯ ಲೆಕ್ಕ. ಸವೆದ ಗ್ರಿಪ್ಪಿನ ಮೇಲೆ ಹೊಸ ಗ್ಲೌಸ್ ಹಾಕಿ ಆಡುವುದು ದುಡ್ಡು ದಂಡ.

ಕೊನೆಗೆ ಗ್ಲೌಸ್. ಅಳತೆ ಎರಡು ತೆಗೆದುಕೊಳ್ಳಬೇಕು. ಹೆಬ್ಬೆರಳು ಬಿಟ್ಟು, ಗೆಣ್ಣುಗಳ ಮೇಲೆ ಹಾಯುವಂತೆ ಅಂಗೈಯ ಸುತ್ತಳತೆ ಒಂದು. ನಡುಬೆರಳು ಬುಡದ ಗೆರೆಯಿಂದ ತುದಿಯವರೆಗೆ ಎಷ್ಟು ಉದ್ದ ಎಂಬುದು ಇನ್ನೊಂದು. ಎರಡನ್ನೂ ಆಯಾ ತಯಾರಕರ ಪಟ್ಟಿಗೆ ಹಿಡಿದು ನೋಡಬೇಕು, ಒಬ್ಬರ ಮೀಡಿಯಂ ಇನ್ನೊಬ್ಬರ ಮೀಡಿಯಂ ಆಗಿರುವುದಿಲ್ಲ. ಅಂಗೈ ಅಗಲವಿದ್ದು ಬೆರಳು ಗಿಡ್ಡವಿರುವವರು ಅಂಗೈಗೆ ಹೊಂದುವ ದೊಡ್ಡ ಗ್ಲೌಸ್ ಕೊಂಡು ಬೆರಳ ತುದಿಯಲ್ಲಿ ಖಾಲಿ ಚರ್ಮ ನೇತಾಡಿಸಿಕೊಂಡು ಆಡುತ್ತಿರುತ್ತಾರೆ. ಅಂಥವರಿಗಾಗಿಯೇ ಕೆಡೆಟ್ ಎಂಬ ಅಳತೆ ಇದೆ: ಅಂಗೈ ಅಗಲ, ಬೆರಳು ಗಿಡ್ಡ. ಇದು ಮಕ್ಕಳ ಅಳತೆಯಲ್ಲ. ಕೇಳದೆ ಇದ್ದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ತೋರಿಸುವುದಿಲ್ಲ.

ಹಾಕುವಾಗ ಮೊದಲು ನಾಲ್ಕು ಬೆರಳು ಒಳಗೆ ಹೋಗಬೇಕು. ಇನ್ನೊಂದು ಕೈಯ ಬೆರಳುಗಳಿಂದ ಪ್ರತಿ ಸಂದನ್ನೂ ಒತ್ತಿ ಕೂರಿಸಿ, ಆಮೇಲೆ ಹೆಬ್ಬೆರಳು, ಕೊನೆಗೆ ಪಟ್ಟಿ. ಮಣಿಕಟ್ಟಿನ ಕಡೆಯಿಂದ ಹಿಡಿದು ಜಗ್ಗಿದರೆ ಹೊಲಿಗೆ ಬಿಡುತ್ತದೆ. ಹಾಕಿದ ಮೇಲೆ ಗ್ಲೌಸ್ ಬೆರಳ ಸಂದುಗಳ ಬುಡಕ್ಕೆ ಪೂರ್ತಿ ತಾಗಿರಬೇಕು, ತುದಿಗಳಲ್ಲಿ ಚಿವುಟಿ ಹಿಡಿಯುವಷ್ಟು ಚರ್ಮ ಉಳಿದಿರಬಾರದು, ಅಂಗೈ ಚಾಚಿದಾಗ ಅಡ್ಡ ಸುಕ್ಕು ಇರಬಾರದು. ಬಿಗಿ ನೋಡಲು ವೆಲ್ಕ್ರೋ ಪಟ್ಟಿಯೇ ಸಾಕು. ಹೊಸ ಗ್ಲೌಸಿನಲ್ಲಿ ಪಟ್ಟಿ ಮುಕ್ಕಾಲು ಭಾಗ ಮುಚ್ಚಿದರೆ ಅಳತೆ ಸರಿ. ಕೊನೆಯವರೆಗೂ ಎಳೆದು ಮುಚ್ಚುವಂತಿದ್ದರೆ ದೊಡ್ಡದು. ಚರ್ಮ ಹಿಗ್ಗಿದ ಮೇಲೆ ಬಿಗಿಸಲು ಜಾಗವೇ ಇರುವುದಿಲ್ಲ. ಅರ್ಧಕ್ಕೂ ಬಾರದಿದ್ದರೆ ಚಿಕ್ಕದು. ಚರ್ಮದ ಗ್ಲೌಸ್ ಕೊಳ್ಳುವಾಗ ತುಸು ಬಿಗಿ ಎನಿಸುವುದೇ ಒಳ್ಳೆಯದು. ಬರಿ ಕೈಯಲ್ಲಿ ಚೆಂದ ಕಂಡರೆ ಸಾಲದು, ಕ್ಲಬ್ ಹಿಡಿದು ಮುಷ್ಟಿ ಕಟ್ಟಿ ನೋಡಲೇಬೇಕು. ಚಾಚಿದ ಕೈಗೆ ಸರಿಯಾದ ಗ್ಲೌಸ್ ಮಡಚಿದ ಕೈಯಲ್ಲಿ ಮಡಿಕೆ ಬೀಳಬಹುದು, ಆ ಮಡಿಕೆಯ ಜಾಗದಲ್ಲೇ ಬೊಬ್ಬೆ ಏಳುತ್ತದೆ.

ಯಾವ ಬಗೆಯದು? ಕ್ಯಾಬ್ರೆಟ್ಟಾ, ಅಂದರೆ ಉಣ್ಣೆಯಿಲ್ಲದ ಕುರಿಯ ತೆಳು ಚರ್ಮ, ಕೈಗೆ ಕ್ಲಬ್ ಚೆನ್ನಾಗಿ ತಿಳಿಯುವಂತೆ ಮಾಡುತ್ತದೆ. ಆದರೆ ಬೇಗ ಸವೆಯುತ್ತದೆ, ಬೆವರಿಗೆ ಗಟ್ಟಿಯಾಗುತ್ತದೆ. ಸಿಂಥೆಟಿಕ್ ಬಾಳಿಕೆ ಬರುತ್ತದೆ, ಕಡಿಮೆ ಹಿಗ್ಗುತ್ತದೆ, ದಪ್ಪ ಹೆಚ್ಚು. ಅಭ್ಯಾಸಕ್ಕೆ ಸಿಂಥೆಟಿಕ್ ಇಟ್ಟುಕೊಂಡು ಆಟಕ್ಕೆ ಚರ್ಮದ್ದು ಬಳಸುವುದು ನನ್ನ ಮಟ್ಟಿಗೆ ಸರಿಯಾದ ಲೆಕ್ಕ. ಅಂಗೈ, ಹೆಬ್ಬೆರಳುಗಳಿಗೆ ಮಾತ್ರ ಚರ್ಮ ಹಾಕಿದ ಮಿಶ್ರ ಬಗೆಯೂ ಕೆಟ್ಟದ್ದಲ್ಲ. ಗ್ಲೌಸ್ ಇಲ್ಲದೆಯೇ ಆಡಿದ ಅಮೆರಿಕದ ಆಟಗಾರ ಫ್ರೆಡ್ ಕಪಲ್ಸ್ ಅಂಥವರೂ ಇದ್ದಾರೆ, ಕಡ್ಡಾಯವೇನಿಲ್ಲ. ಗಾಲ್ಫ್ ನಿಯಮ 4.3ರ ಪ್ರಕಾರ ಸಾದಾ ಗ್ಲೌಸ್, ರಾಳದ ಪುಡಿ, ಬೆವರು ಹೀರುವ ಪೌಡರ್, ಗ್ರಿಪ್ಪಿಗೆ ಸುತ್ತಿದ ಟವೆಲ್ ಅಥವಾ ಕರವಸ್ತ್ರ ಎಲ್ಲಕ್ಕೂ ಅವಕಾಶ ಇದೆ. ಕೈಯ ಜಾಗವನ್ನೋ ಬಿಗಿಯನ್ನೋ ತಾನೇ ಸರಿಪಡಿಸಿಕೊಡುವ ಸಲಕರಣೆಗೆ ರೌಂಡಿನಲ್ಲಿ ಅವಕಾಶ ಇಲ್ಲ.

ಚರ್ಮದ ಗ್ಲೌಸನ್ನು ಬೆವರಿನಿಂದ ಕಾಪಾಡಿದರೆ ಅದರ ಆಯುಷ್ಯ ಬಹಳ ಹೆಚ್ಚುತ್ತದೆ. ಪಟ್ ಮಾಡುವಾಗ (ಚೆಂಡನ್ನು ಹೋಲಿನತ್ತ, ಅಂದರೆ ಕುಳಿಯತ್ತ, ಉರುಳಿಸುವಾಗ), ನಡೆಯುವಾಗ ತೆಗೆದುಬಿಡಬೇಕು, ಒಂದೊಂದೇ ಬೆರಳನ್ನು ತುದಿಯಿಂದ ಸಡಿಲಿಸುತ್ತ. ಮುದ್ದೆ ಮಾಡಿ ಜೇಬಿಗೋ ಬ್ಯಾಗಿಗೋ ತುರುಕಿದರೆ ಒಣಗಿ ಗಡುಸಾಗಿ ಬಿರುಕು ಬಿಡುತ್ತದೆ. ಸುಕ್ಕು ಬಿಡಿಸಿ ಚಪ್ಪಟೆಯಾಗಿ ನೆರಳಿನಲ್ಲಿ ಗಾಳಿಗೆ ಇಟ್ಟು, ಒಣಗಿದ ಮೇಲೆ ಬಂದ ಕವರಿನಲ್ಲೇ ಇಡಬೇಕು. ಬಿಸಿಲಿಗೂ ಹೀಟರಿಗೂ ಒಡ್ಡಬಾರದು. ಸೆಕೆಯ ದಿನ ಎರಡು ಮೂರು ಗ್ಲೌಸ್ ಇಟ್ಟುಕೊಂಡು ಕೆಲವು ಹೋಲಿಗೊಮ್ಮೆ ಬದಲಿಸುತ್ತ ಹೋದರೆ ಎಲ್ಲವೂ ಹೆಚ್ಚು ಕಾಲ ಬಾಳುತ್ತವೆ.

ಮಳೆಗೆ ಬೇರೆಯದೇ ಗ್ಲೌಸ್ ಬೇಕು. ಮಳೆ ಗ್ಲೌಸುಗಳ ಬಟ್ಟೆ ಒದ್ದೆಯಾದಷ್ಟೂ ಗ್ರಿಪ್ಪನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಅದಕ್ಕೇ ಅವನ್ನು ಎರಡೂ ಕೈಗೆ ಜೋಡಿಯಾಗಿ ಮಾರುತ್ತಾರೆ. ತುಂತುರು ಮಾತ್ರ ಇದ್ದು ಅರೆ ಒದ್ದೆಯಾಗಿದ್ದರೆ ಅವು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಹಾಕಿಕೊಳ್ಳುವ ಮೊದಲೇ ಎರಡನ್ನೂ ನೀರಿನಲ್ಲಿ ಪೂರ್ತಿ ನೆನೆಸಿಬಿಟ್ಟರೆ ಮೊದಲ ಹೊಡೆತದಿಂದಲೇ ಹಿಡಿತ ಸಿಗುತ್ತದೆ.